ರಾಯಚರ್ಲು ಬಿಸಿಲಿನಲ್ಲಿ ನನ್ನ ಸೋಲಾರ್ ಸಂಸಾರ

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ತಪ್ಪು ಯಾರದು ಎಂದು ಮಧುಗಿರಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆ ಕಡೆ ಬೆರಳು ತೋರಿಸುತ್ತಾರೆ. ತೋರಿಸಲಿ. ತಪ್ಪು ನನ್ನದೇ. ಆದರೆ ತಪ್ಪು ಮಾಡುವುದು ಬೇರೆ, ಸೋಲುವುದು ಬೇರೆ. ಮೊದಲನೆಯದನ್ನು ಧಾರಾಳವಾಗಿ ಮಾಡಿದ್ದೇನೆ, ಎರಡನೆಯದನ್ನು ಮಾಡಿಲ್ಲ.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು ನಾನು. ಅಷ್ಟು ವರ್ಷದಲ್ಲಿ ಮನೆ ಬಿಟ್ಟು ಹೊರಗೆ ಮಲಗಿದ್ದೆಂದರೆ ಚುನಾವಣಾ ಡ್ಯೂಟಿಗೆ ಹೋದಾಗ, ಯಾವುದೋ ಊರಿನ ಶಾಲೆಯ ಬೆಂಚಿನ ಮೇಲೆ, ಮತಯಂತ್ರದ ಪಕ್ಕದಲ್ಲಿ. ಬೇಸಿಗೆ ರಜೆ ಬಂದರೆ ಉತ್ತರಪತ್ರಿಕೆ ತಿದ್ದಬೇಕು, ದಸರಾ ರಜೆ ಬಂದರೆ ಮನೆಮನೆಗೆ ಹೋಗಿ ಜನ ಎಣಿಸಬೇಕು. ನನಗೆ ಬೇಕೆನಿಸಿದ ಕಡೆ, ಯಾರ ಆದೇಶವೂ ಇಲ್ಲದೆ, ಒಂದು ರಾತ್ರಿ ಮಲಗಿ ಏಳಬೇಕೆಂಬುದು ನನ್ನ ಬಹುಕಾಲದ ಹಠ. ಅದಕ್ಕೇ ನಿವೃತ್ತಿಯಾದ ವರ್ಷವೇ ಕ್ಯಾಂಪರ್‌ವ್ಯಾನ್ ಕೊಂಡೆ. ಮಂಚ, ಅಡುಗೆ ಕಟ್ಟೆ, ಸಿಂಕು, ಪುಟ್ಟ ಫ್ರಿಜ್ಜು ಎಲ್ಲ ಒಳಗೇ ಇರುವ ಹೊಚ್ಚ ಹೊಸ ಗಾಡಿ. ಡ್ರೈವಿಂಗನ್ನು ಐವತ್ತೆಂಟನೇ ವಯಸ್ಸಿನಲ್ಲೇ ಕಲಿತಿಟ್ಟುಕೊಂಡಿದ್ದೆ.

ನಮ್ಮ ಯಜಮಾನರು ರಂಗಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಗಾಡಿಯಲ್ಲಿ ಅವರಿಗೆ ಕೂತು ಅಭ್ಯಾಸವಿಲ್ಲ, ನಿಂತೇ ಅಭ್ಯಾಸ. "ಜೀವಮಾನ ಎಲ್ಲಾ ಬಸ್ಸಲ್ಲೇ ಸವೆಸಿದ್ದೀನಿ, ಈಗ ಬಸ್ಸಲ್ಲೇ ಮಲಿಕೋ ಅಂತೀಯಲ್ಲೇ" ಎಂದು ಗೊಣಗಿದರು. ಇತ್ತ ಕೊರಟಗೆರೆಯಲ್ಲಿ ಸಣ್ಣದೊಂದು ಶಾಲೆ ನಡೆಸುವ ನನ್ನ ತಮ್ಮ ನಾಗರಾಜನ ಕಣ್ಣು ಗಾಡಿಯ ಮೇಲೆ ಬಿತ್ತು. ಮಂಚ ಕಿತ್ತು ಸೀಟು ಹಾಕಿದರೆ ಶಾಲೆಯ ಮಕ್ಕಳನ್ನು ಕರೆತರಲು ಹೇಳಿ ಮಾಡಿಸಿದ ಗಾಡಿಯಂತೆ. ಭಾವ, ಭಾಮೈದ ಇಬ್ಬರೂ ಸೇರಿ ನನ್ನ ಮುಂದೆ ಒಂದು ಷರತ್ತು ಇಟ್ಟರು. ಎರಡು ದಿನ ಶಿರಾ, ಪಾವಗಡ ಸುತ್ತಿ ಮಧುಗಿರಿಗೆ ವಾಪಸ್ಸು ಬರಬೇಕು. ದಾರಿಯಲ್ಲಿ ನಾನು ಒಬ್ಬರ ಹತ್ತಿರವೂ ಸಹಾಯ ಕೇಳಬಾರದು. ಕೇಳಿದರೆ ಗಾಡಿ ಶಾಲೆಗೆ. ಕೇಳದಿದ್ದರೆ ಗಾಡಿ ನನಗೆ, ಆಮೇಲೆ ಯಾರೂ ತುಟಿ ಪಿಟಿಕ್ಕೆನ್ನಬಾರದು. ಎದುರು ಮನೆಯವರನ್ನು ಸಾಕ್ಷಿಗೆ ಕರೆದು ಒಪ್ಪಿಕೊಂಡೆ. ನನ್ನ ವಿಜ್ಞಾನದ ಆಳ ಅರಿಯದ ತಮ್ಮನನ್ನು ಕಂಡು ಒಳಗೊಳಗೇ ಮರುಕವಾಯಿತು.

ಗಾಡಿಯನ್ನು ಸ್ವಾವಲಂಬಿ ಮಾಡುವ ಮಹಾಕಾರ್ಯ ಶುರುವಾಯಿತು. ಟಾಪಿನ ಮೇಲೆ ಎರಡು ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಎರಡು ದೊಡ್ಡ ಬ್ಯಾಟರಿ. ಅಂಗಡಿಯವನು ಫಿಟ್ಟಿಂಗಿಗೆ ಜನ ಕಳಿಸುತ್ತೇನೆಂದ. ವಿದ್ಯುತ್ತಿನ ಓಮ್‌ನ ನಿಯಮವನ್ನು ಮೂವತ್ತೊಂದು ಬ್ಯಾಚಿಗೆ ಬಾಯಿಪಾಠ ಮಾಡಿಸಿದವಳಿಗೆ ಫಿಟ್ಟರ್ ಬೇಕೆ? ಪ್ಯಾನೆಲ್ಲುಗಳನ್ನು ಟಾಪಿನ ಮೇಲೆ ಕೂರಿಸಲು ಮಾತ್ರ ಅವನ ಜನರನ್ನು ಒಪ್ಪಿ, ವೈರಿಂಗನ್ನು ಸ್ವಹಸ್ತದಿಂದ ಮಾಡಿದೆ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಗಾದೆಯನ್ನು ನಂಬಿ, ಮಂಚದ ಕೆಳಗಿನ ಬ್ಯಾಟರಿಗಳೆರಡನ್ನೂ ಇಂಜಿನ್ನಿನ ಬ್ಯಾಟರಿಯನ್ನೂ ಒಂದೇ ತಂತಿಗೆ ಸೇರಿಸಿದೆ. ಕೊನೆಗೆ ಪೆಟ್ಟಿಗೆಯಲ್ಲಿ ಒಂದು ಕಪ್ಪು ಡಬ್ಬಿ ಮಿಕ್ಕಿತು. ಇಂಜಿನ್ನಿನ ಬ್ಯಾಟರಿಯ ಕರೆಂಟನ್ನು ಬೇರೆಯವರು ಕುಡಿಯದಂತೆ ಕಾಯುವ ಡಬ್ಬಿ ಅದು ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ, ಪುಣ್ಯಾತ್ಮರು ಒಂದು ಹೆಚ್ಚಿಗೆ ಕಳಿಸಿದ್ದಾರೆ ಎಂದು ಸಂತೋಷಪಟ್ಟೆ!

ಇಷ್ಟು ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು ಕೂತಿತು. ಸಸ್ಪೆನ್ಷನ್ ಬಲಪಡಿಸಲು ಶಿರಾಕ್ಕೆ ಒಯ್ದೆ. ಅಲ್ಲಿ ಬಾಬಾಜಾನ್ ಸಾಬರು ಲಾರಿಗಳ ಚಕ್ರದ ಮೇಲಿನ ಕಮಾನು ಪಟ್ಟಿಗಳನ್ನು ಕಾಯಿಸಿ ಬಾಗಿಸುವುದರಲ್ಲಿ ಎತ್ತಿದ ಕೈ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಆ ಕಡೆ ಒಂದು ಈ ಕಡೆ ಒಂದು ಪಟ್ಟಿ ಸಾಕು ಎಂದರು. ನಾನು ಪರ್ಸಿನಿಂದ ಲೆಕ್ಕದ ಹಾಳೆ ತೆಗೆದೆ. ನೀರಿನ ಟ್ಯಾಂಕು, ಬ್ಯಾಟರಿ, ಪಾತ್ರೆ, ಯಜಮಾನರು ಎಲ್ಲರ ತೂಕ ಕೂಡಿಸಿ, ಸುರಕ್ಷತೆಗೆಂದು ಎರಡರಿಂದ ಗುಣಿಸಿ, ಕಡೆಗೆ ಮೂರು ಮೂರು ಪಟ್ಟಿ ಬೇಕೆಂದು ಸಾಧಿಸಿದೆ.

"ನೋಡಿ ಟೀಚರಮ್ಮ, ಗಾಡಿ ಒಳಗೆ ಜರಾ ಮೆತ್ತಗೆ ಇರ್ಬೇಕು. ಪೂರಾ ಟೈಟ್ ಮಾಡಿದ್ರೆ ನಿಮ್ ಬೆನ್ನೇ ಸ್ಪ್ರಿಂಗ್ ಆಗ್ತೈತೆ" ಎಂದರು ಸಾಬರು. ನಾನು ಹಾಳೆಯನ್ನು ಇನ್ನೊಮ್ಮೆ ತೋರಿಸಿದೆ. ಅವರು ನಿಟ್ಟುಸಿರು ಬಿಟ್ಟು, ಹೇಳಿದಷ್ಟೂ ಹಾಕಿದರು.

ಗಾಡಿ ಎದ್ದು ನಿಂತಿತು. ಎಷ್ಟು ಎದ್ದಿತೆಂದರೆ ಮನೆಗೆ ಬಂದಾಗ, ಅದಕ್ಕೆಂದೇ ಹೊಸದಾಗಿ ಕಟ್ಟಿಸಿದ್ದ ಶೆಡ್ಡಿನೊಳಗೆ ಹೋಗಲಿಲ್ಲ! ಯಜಮಾನರು ಹಿಂದೆ ನಿಂತು "ರೈಟ್, ರೈಟ್" ಎನ್ನುತ್ತಿದ್ದರು, ಪ್ಯಾನೆಲ್ಲು ಶೀಟಿಗೆ ತಗುಲಿದ ಮೇಲೆ "ಹೋಲ್ಡಾನ್" ಎಂದರು. ಹಾಗಾಗಿ ಗಾಡಿ ಬೀದಿಯ ಹೊಂಗೆ ಮರದ ಕೆಳಗೆ ನಿಂತಿತು. ನಮ್ಮ ಕಡೆಯವರಿಗೆ ಬಿಸಿಲಿನ ಜೊತೆ ಹುಟ್ಟಿನಿಂದ ಜಗಳ, ನೆರಳು ಕಂಡರೆ ಗಾಡಿ ತಾನಾಗಿ ಆ ಕಡೆ ತಿರುಗುತ್ತದೆ. ಮರದ ಮೇಲೆ ಕಾಗೆಗಳು. ಎರಡೇ ದಿನದಲ್ಲಿ ಪ್ಯಾನೆಲ್ ಮೇಲೆ ಅವುಗಳ ಹಸ್ತಾಕ್ಷರ. ಹೊಸ ರಿಮೋಟಿನ ಪ್ಲಾಸ್ಟಿಕ್ಕನ್ನು ಹತ್ತು ವರ್ಷವಾದರೂ ಬಿಚ್ಚದ ವಂಶ ನನ್ನದು, ಸುಮ್ಮನಿರುತ್ತೇನೆಯೇ? ಏಣಿ ಹಾಕಿ ಹತ್ತಿ, ಪ್ಯಾನೆಲ್ ಒರೆಸಿ, ನೀಲಿ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದೆ. ಹೊರಡುವ ದಿನ ಯಜಮಾನರು ಬಿಚ್ಚೋಣವೇ ಎಂದು ಕೇಳಿದ್ದು ನಿಜ. ದಾರಿಯ ಧೂಳು ಕೂರುತ್ತದೆ, ಪಾವಗಡ ಮುಟ್ಟಿದ ಮೇಲೆ ಬಿಚ್ಚಿದರಾಯಿತು ಎಂದು ನಾನು ಹೇಳಿದ್ದೂ ನಿಜ.

ಸಾಬರ ಮಾತಿನ ಅರ್ಥ ಊರು ದಾಟುವಷ್ಟರಲ್ಲೇ ಆಯಿತು. ರಸ್ತೆಯ ಒಂದೊಂದು ಉಬ್ಬಿಗೂ ನಾವಿಬ್ಬರೂ ಸೀಟು ಬಿಟ್ಟು ಎದ್ದು ಮತ್ತೆ ಕೂರುತ್ತಿದ್ದೆವು. ಯಜಮಾನರು ಕೊನೆಗೆ ಬಾಗಿಲ ಕಂಬಿ ಹಿಡಿದು ನಿಂತೇಬಿಟ್ಟರು, ಹಳೇ ಕೆಲಸ ಉಪಯೋಗಕ್ಕೆ ಬಂತು. ಆದರೂ ಸಂಜೆ ಶಿರಾ ಕಡೆಯ ಮದಲೂರು ಕೆರೆ ಏರಿಯ ಬಳಿ ಗಾಡಿ ನಿಲ್ಲಿಸಿದಾಗ ಸಂತೋಷಕ್ಕೆ ನನಗೆ ನೆಲವೇ ಕಾಣಲಿಲ್ಲ. ಫ್ಯಾನ್ ತಿರುಗಿತು. ಫ್ರಿಜ್ಜು ಗುಯ್ಯೆಂದಿತು. ಮಿಕ್ಸಿಯಲ್ಲಿ ಚಟ್ನಿ ರುಬ್ಬಿದೆ, ಕರೆಂಟ್ ಒಲೆಯಲ್ಲಿ ಉಪ್ಪಿಟ್ಟು ಕೆದಕಿದೆ. ಮಂಚದ ಮೇಲೆ ಮಲಗಿ ಕಿಟಕಿಯಾಚೆ ನೀರು ನೋಡುತ್ತಿದ್ದಾಗ, ನಾಳೆ ಎಷ್ಟು ಹೊತ್ತಿಗೆ ಏಳಬೇಕೆಂದು ಯಾರೂ ಹೇಳಿಲ್ಲವಲ್ಲ ಎನಿಸಿ ಕಣ್ಣಲ್ಲಿ ನೀರು ಬಂತು. ಈ ಗಾಡಿಯನ್ನು ಯಾರಿಗೂ ಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಇಷ್ಟೆಲ್ಲ ನಡೆದದ್ದು ಅಂಗಡಿಯವನು ತುಂಬಿಸಿ ಕೊಟ್ಟಿದ್ದ ಚಾರ್ಜಿನಲ್ಲಿ ಎಂಬುದು ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಹೇಗೋ ಸ್ಟಾರ್ಟಾಯಿತು. ಹನ್ನೊಂದರ ಸುಮಾರಿಗೆ ಪಾವಗಡ ತಾಲ್ಲೂಕಿನ ರಾಯಚರ್ಲು ಮುಟ್ಟಿದೆವು. ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೂ ಸೋಲಾರ್ ಪ್ಯಾನೆಲ್ಲು. ಈ ಬಂಧುಬಳಗದ ನಡುವೆ ನಮ್ಮ ಗಾಡಿಯದೊಂದು ಫೋಟೋ ಇರಲಿ ಎಂದು ಇಂಜಿನ್ ಆಫ್ ಮಾಡಿ ಇಳಿದೆ. ಫೋಟೋ ಚೆನ್ನಾಗಿ ಬಂತು. ಗಾಡಿ ಮತ್ತೆ ಸ್ಟಾರ್ಟಾಗಲಿಲ್ಲ.

ಫ್ಯಾನಿಲ್ಲ, ಫ್ರಿಜ್ಜಿಲ್ಲ, ಒಲೆಯಿಲ್ಲ. ಊರಿಗೆಲ್ಲ ಕರೆಂಟು ಕೊಡುವ ಜಾಗದಲ್ಲಿ ನನ್ನ ಗಾಡಿಯೊಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ. ಮೀಟರ್ ಹಿಡಿದು ಒಂದೊಂದೇ ತಂತಿ ಪರೀಕ್ಷಿಸಿದೆ, ಫ್ಯೂಸ್ ಬಿಚ್ಚಿ ಊದಿದೆ, ನೋಟ್‌ಬುಕ್ಕಿನಲ್ಲಿ ಸರ್ಕಿಟ್ ಚಿತ್ರ ಬರೆದೆ. ಚಿತ್ರ ಅಂದವಾಗಿತ್ತು. ಯಜಮಾನರು ಟವೆಲ್ ತಲೆಗೆ ಸುತ್ತಿಕೊಂಡು ಗಾಡಿಯ ನೆರಳಿನಲ್ಲಿ ಕೂತು, ಯಾರನ್ನಾದರೂ ಕರೆಯೋಣವೆಂದರು. ಕರೆದರೆ ಗಾಡಿ ಹೋಯಿತು, ನಾನು ಕರೆಯುವುದಿಲ್ಲ ಎಂದೆ.

ಅಷ್ಟರಲ್ಲಿ ಪ್ಯಾನೆಲ್ ತೊಳೆಯುವ ಕೆಲಸದ ಹೆಂಗಸರು ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರಿನಲ್ಲಿ ಬಂದರು. ಟ್ಯಾಂಕರ್ ಮೇಲೆ ಕೂತಿದ್ದ ಅಂಜಿನಮ್ಮ ಎಂಬಾಕೆಗೆ, ಅಷ್ಟೆತ್ತರದ ನಮ್ಮ ಗಾಡಿಯ ತಲೆ ಕಂಡಿತು. ಆಕೆ ಗಾಡಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು.

"ನಾವು ದಿನಾ ನೀಳ್ಳು ಹಾಕಿ ತೊಳೀತೀವಿ ಕದಮ್ಮಾ. ಒಂದ್ ಎಲೆ ಬಿದ್ದಿದ್ರೂ ಸೂಪರ್‌ವೈಜರ್ ಬೈತಾನೆ. ನೀವು ನೋಡಿದ್ರೆ ದುಪ್ಪಟಿ ಹೊದ್ಸಿ ಮಲಗ್ಸಿದೀರಲ್ಲ."

ಯಜಮಾನರು ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡ ಗುಣ.

ನಾನು ಕೇಳದೆಯೇ ಆಕೆ ಹೇಳಿದ್ದರಿಂದ ಅದು ಸಹಾಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ತೀರ್ಪು ಕೊಟ್ಟುಕೊಂಡು, ಗಾಡಿಯಲ್ಲೇ ತಂದಿದ್ದ ಏಣಿ ಹಾಕಿ ಹತ್ತಿ ಟಾರ್ಪಾಲು ಬಿಚ್ಚಿದೆ. ಇನ್ನು ಸೂರ್ಯನಿದ್ದಾನೆ, ಕಾದರೆ ಸಾಕು ಎಂದೆ. ಕಾದೆವು. ಖಾಲಿಯಾದ ಮೂರು ಬ್ಯಾಟರಿ ತುಂಬಲು ಆ ಎರಡು ಪ್ಯಾನೆಲ್ಲಿಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ ನೋಡಿದೆ, ಹಾಕಬಾರದಿತ್ತು. ಎರಡು ಗಂಟೆಯಾಯಿತು, ಮೂರಾಯಿತು. ಫ್ರಿಜ್ಜಿನ ಮೊಸರು ಹುಳಿಯಾಗಿ ಉಕ್ಕಿತು. ಆ ಕಡೆ ಹೆಂಗಸರು ಬುತ್ತಿ ಬಿಚ್ಚಿ ಊಟ ಮಾಡಿದರು, ತಳ್ಳಿಕೊಡೋಣವೇ ಎಂದು ತಾವಾಗಿ ಕೇಳಲಿಲ್ಲ. ಕೇಳಿದ್ದರೆ ನಾನು ಒಪ್ಪಿಬಿಡುತ್ತಿದ್ದೆ, ದೇವರಾಣೆ. ಗಂಟಲವರೆಗೆ ಬಂದ ಮಾತನ್ನು ಎಷ್ಟು ಸಲ ನುಂಗಿದೆನೋ! ಮದಲೂರಿನ ಆ ಕಿಟಕಿ ಕಣ್ಣ ಮುಂದೆ ಬರುತ್ತಿತ್ತು, ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನಾಲ್ಕರ ಹೊತ್ತಿಗೆ ಯಜಮಾನರು ಎದ್ದರು. ನೇರವಾಗಿ ಅಂಜಿನಮ್ಮನ ಮುಂದೆ ಹೋಗಿ ಕೈ ಮುಗಿದರು.

"ತಾಯೀ, ಇವಳು ಕೇಳಾಕಿಲ್ಲ, ನಾನು ಬದುಕಾಕಿಲ್ಲ. ಒಸಿ ತಳ್ಳಿ ಕೊಡ್ರಮ್ಮ."

ಆರು ಜನ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದರು. ಯಜಮಾನರು ಫುಟ್‌ಬೋರ್ಡಿನ ಮೇಲೆ ನಿಂತು "ರೈಟ್, ರೈಟ್" ಎಂದರು. ಗಾಡಿ ಕೆಮ್ಮಿ, ನಡುಗಿ, ಸ್ಟಾರ್ಟಾಯಿತು. ಅಲ್ಲಿಂದ ಮಿಡಿಗೇಶಿ ದಾಟಿ ಮಧುಗಿರಿಯವರೆಗೆ ಇಂಜಿನ್ ಆಫ್ ಮಾಡುವ ಧೈರ್ಯ ಬರಲಿಲ್ಲ. ಕಾಫಿಗೆ ನಿಲ್ಲಿಸಲಿಲ್ಲ, ಯಾವುದಕ್ಕೂ ನಿಲ್ಲಿಸಲಿಲ್ಲ. ಯಾವುದಕ್ಕೂ ಎಂದರೆ ಏನೆಂದು ಅರವತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಮುಂದೆ ನಾಗರಾಜ ಕಾಯುತ್ತಿದ್ದ. ಮಂಚ ಬಿಚ್ಚಲು ಸ್ಪ್ಯಾನರುಗಳ ಚೀಲವನ್ನೂ ತಂದಿದ್ದ. ಟಾರ್ಪಾಲಿಲ್ಲದ ಟಾಪು, ಧೂಳು ಹಿಡಿದ ನಮ್ಮ ಮುಖ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ನನ್ನನ್ನು ಕೇಳಲಿಲ್ಲ. ಭಾವನನ್ನು ಕೇಳಿದ, ಅಕ್ಕ ಸಹಾಯ ಕೇಳಿದಳೋ ಇಲ್ಲವೋ ನಿಜ ಹೇಳಿ ಎಂದ. ಎದುರು ಮನೆಯವರೂ ಗೇಟಿಗೆ ಬಂದು ನಿಂತರು. ನಾನು ಇಂಜಿನ್ ಆಫ್ ಮಾಡದೆ ಸೀಟಿನಲ್ಲೇ ಕೂತಿದ್ದೆ. ಯಜಮಾನರು ಹೂಂ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಗಾಡಿ ಹೋಗಿ ಅವರ ಬೆನ್ನಿಗೂ ವಿಶ್ರಾಂತಿ ಸಿಗುತ್ತಿತ್ತು.

"ಸುಳ್ಳು ಯಾಕೆ ಹೇಳಾನ? ನಿಮ್ಮಕ್ಕ ಬಾಯಿ ಬುಡ್ಲಿಲ್ಲ ಕಣಪ್ಪ" ಎಂದರು. "ಕೈ ಮುಗಿದೋನು ನಾನು. ಗಾಡಿ ಅವಳ್ದೇ."

ನಾಗರಾಜ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಸೀಟಿನಲ್ಲೇ ನೆಟ್ಟಗೆ ಕೂತು, ಗೆದ್ದವರು ಹೇಗೆ ಮಾಡಬೇಕೋ ಹಾಗೆ, ಇಡೀ ಬೀದಿ ನೋಡುತ್ತಿರುವಂತೆ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದೆ.

ದಾರಿಯುದ್ದಕ್ಕೂ ಇಂಜಿನ್ ಕೊಟ್ಟ ಕರೆಂಟನ್ನೆಲ್ಲ ಮಂಚದ ಕೆಳಗಿನ ಬ್ಯಾಟರಿಗಳು ಕುಡಿದಿದ್ದವು. ಗಾಡಿ ನಿಂತಿದ್ದು ಬೀದಿಗೆ ಅಡ್ಡಲಾಗಿ, ಎದುರು ಮನೆಯವರ ಗೇಟಿಗೆ ಸರಿಯಾಗಿ. ಅವರು ಕಾರು ಹೊರಗೆ ತೆಗೆಯಬೇಕಂತೆ, ಹಾರನ್ ಹೊಡೆದರು. ಕೀ ತಿರುಗಿಸಿದೆ. ಟಿಕ್ ಎಂದಿತು. ಯಜಮಾನರು ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಷರತ್ತು ಇದ್ದದ್ದು ದಾರಿಗೆ ಮಾತ್ರ, ದಾರಿ ಮುಗಿದಿದೆ, ಆದ್ದರಿಂದ ಇದು ಸೋಲಲ್ಲ ಎಂದು ನನಗೆ ನಾನೇ ಮೂರು ಸಲ ಹೇಳಿಕೊಂಡು ಫೋನ್ ಎತ್ತಿದೆ.

"ನಾಗೂ, ಬಸ್ ಹತ್ಬುಟ್ಟಾ? ಹತ್ತಿಲ್ಲ ಅಂದ್ರೆ ಒಸಿ ಬಂದು ತಳ್ಳಿ ಹೋಗಪ್ಪ."