ಸಾಯಲೊಲ್ಲದ ರಾಕ್ಷಸ

ನನ್ನ ತಂಗಿಯಷ್ಟು ದೊಡ್ಡ ಪಕ್ಷಾಂತರಿಯನ್ನು ಹೊಳಲ್ಕೆರೆ ಇನ್ನೂ ಕಂಡಿಲ್ಲ! ಎಪ್ಪತ್ತರ ದಶಕದಲ್ಲಿ ರಾಜಕೀಯದವರೂ ಪಕ್ಷ ಬದಲಿಸುತ್ತಿದ್ದರು, ಒಪ್ಪಿದೆ. ಆದರೆ ಅವರು ಹಾರುತ್ತಿದ್ದದ್ದು ಗೆಲ್ಲುವವರ ಕಡೆಗೆ. ಇವಳೋ, ಸೋಲುವವರ ಕಡೆಗೆ! ಕುಂಟೆಬಿಲ್ಲೆಯಲ್ಲಿ ನಾನು ಗೆದ್ದರೆ ಸೋತವಳ ಪಕ್ಕ ಕೂತು ಅಳುತ್ತಿದ್ದಳು. ಇಂಥವಳಿಗೆ ಏನೆನ್ನಬೇಕು, ನೀವೇ ಹೇಳಿ!

ಒಮ್ಮೆ ಟಗರೊಂದು ಅಪ್ಪನನ್ನು ಹಿಂದಿನಿಂದ ಗುಮ್ಮಿ ಕೆಡವಿತು. ನಾವು ಅಪ್ಪನನ್ನು ಎತ್ತಲು ಓಡಿದರೆ ಇವಳು ಟಗರಿನ ಕುತ್ತಿಗೆ ತಬ್ಬಿಕೊಂಡು, "ನೋಡ್ಕಂಡು ನಡೀಬಾರ್ದಾ ಅಪ್ಪಾ? ಪಾಪ, ಎಷ್ಟು ಹೆದರ್ಕಂಡೈತೆ!" ಎಂದಳು. ಅಪ್ಪ ವಾರವಿಡೀ ಬೋರಲು ಮಲಗಿದರು. ಬೆಲ್ಲ ಸಿಕ್ಕಿದ್ದು ಟಗರಿಗೆ.

ಅಜ್ಜಿಯ ಕಥೆಯಲ್ಲಿ ರಾಜಕುಮಾರ ರಾಕ್ಷಸನ ತಲೆ ಕಡಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದರೆ ಇವಳ ಪ್ರಶ್ನೆ: "ಅವರವ್ವಂಗೆ ಯಾರು ಹೋಗಿ ಹೇಳಿದ್ರಜ್ಜಿ?" ಅಜ್ಜಿ ತಬ್ಬಿಬ್ಬು! ಅಂದಿನಿಂದ ನಮ್ಮನೆಯ ಕಥೆಗಳಲ್ಲಿ ಒಬ್ಬ ರಾಕ್ಷಸನೂ ಸಾಯಲಿಲ್ಲ. ಕತ್ತಿ ಹೊರಬಂದರೆ ಸಾಕು, ಎಲ್ಲರೂ ಶಿವಮೊಗ್ಗದ ಬಸ್ಸು ಹತ್ತಿಬಿಡುತ್ತಿದ್ದರು.

ನಮ್ಮ ಎದುರು ಮನೆಯಲ್ಲಿ ಒಬ್ಬರು ಮುದುಕರಿದ್ದರು. ಒಂಟಿ ಜೀವ. ಹಗಲಲ್ಲೂ ಬಾಗಿಲು ಮುಚ್ಚಿರುತ್ತಿತ್ತು, ಯಾರ ಜೊತೆಗೂ ಮಾತಿಲ್ಲ. ಅವರು ಸುಮ್ಮನಿದ್ದರೆ ಊರು ಸುಮ್ಮನಿರುತ್ತದೆಯೇ? ಮಕ್ಕಳನ್ನು ಹಿಡಿದು ಅಟ್ಟದ ಮೇಲೆ ಕೂಡಿಹಾಕುತ್ತಾರಂತೆ, ಗೂಬೆ ಸಾಕಿದ್ದಾರಂತೆ... ಅಂತೆಕಂತೆಗಳ ಸಂತೆ! ಬೀದಿಯ ಹುಡುಗರು ದಿನಾ ಅವರ ಹೆಂಚಿನ ಮೇಲೆ ಕಲ್ಲು ತೂರಿ ಓಡುತ್ತಿದ್ದರು.

ದಸರಾ ರಜೆಯಲ್ಲಿ ನಾವು ಮಕ್ಕಳು ಒಂದು ಬಯಲಾಟ ಕಟ್ಟಿದೆವು. ಅಮ್ಮನ ಸೀರೆಯೇ ಪರದೆ, ಬೀದಿಯೇ ರಂಗ. ಬಾಗಿಲು ಮುಚ್ಚಿದ ಗುಹೆಯಲ್ಲಿ ಒಬ್ಬ ರಾಕ್ಷಸ. ಯಾರನ್ನು ನೋಡಿ ಅವನನ್ನು ಕಟ್ಟಿದ್ದೆವೆಂದು ಬೇರೆ ಹೇಳಬೇಕೇ? ಆ ಪಾತ್ರ ಯಾರಿಗೂ ಬೇಡವಾಗಿತ್ತು. ತಂಗಿ ಮಾತ್ರ ಕುಣಿದುಕೊಂಡು ಬಂದಳು. ನಾನು ರಾಜ. ಸಂಜೆ ಜನವೆಲ್ಲ ಜಗಲಿಗಳ ಮೇಲೆ ನೆರೆದರು. ಎದುರು ಮನೆಯ ಬಾಗಿಲು ಕೂಡ ಒಂದು ಗೇಣು ತೆರೆಯಿತು. ಸಂದಿಯಲ್ಲಿ ಮುದುಕರ ಮುಖ!

ಕೊನೆಯ ಯುದ್ಧದಲ್ಲಿ ನಾನು ಕತ್ತಿ ಬೀಸಿದೆ. ರಾಕ್ಷಸ ಬೀಳಲಿಲ್ಲ.

"ಬೀಳೇ!" ಎಂದೆ ಹಲ್ಲು ಕಚ್ಚಿ.

"ಬೀಳಲ್ಲ."

"ಲೇ, ನೀನು ಸಾಯ್ದೆ ಮಂಗಳ ಹಾಡಂಗಿಲ್ಲ ಕಣೇ!" ಎಂದು ಪರದೆ ಹಿಡಿದವರು ಗೋಗರೆದರು. ಮಂಗಳ ಹಾಡದೆ ಆಟ ಮುಗಿಯುವಂತಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು.

"ನಾನೇನ್ ಮಾಡೀನಿ? ನನ್ನ ಮನೇಲಿ ನಾನು ಬಾಗ್ಲು ಹಾಕ್ಕಂಡು ಕುಂತಿದ್ದೆ. ಕಲ್ಲು ಹೊಡೆದೋರು ನೀವು! ನಾನು ಹೆಂಗ್ ಹೊರಗೆ ಬರ್ಲಿ?" ಎಂದು ರಾಕ್ಷಸ ನಿಜಕ್ಕೂ ಅಳತೊಡಗಿದ. ಮಸಿಯ ಮೀಸೆ ಕರಗಿ ಗದ್ದಕ್ಕಿಳಿಯಿತು.

ನಗು ನಿಂತಿತು. "ಹಂಗಾದ್ರೆ ನಿನ್ನ ಏನ್ ಮಾಡ್ಬೇಕಪ್ಪ?" ಎಂದು ಜಗಲಿಯಿಂದ ಅಜ್ಜಿ ಕೇಳಿದಳು.

"ಊಟಕ್ಕೆ ಕರೀರಿ!"

ಅಮ್ಮ ಎದ್ದವಳೇ ನೆಟ್ಟಗೆ ಎದುರು ಮನೆಗೆ ಹೋದಳು. "ಯಜಮಾನ್ರೇ, ನಮ್ಮನೆಗೆ ಊಟಕ್ಕೆ ಬರ್ರಿ."

"ಬ್ಯಾಡ ತಾಯಿ. ಜನದ ನಡುವೆ ನನಗಾಗಲ್ಲ," ಎಂದಿತು ಒಳಗಿನ ದನಿ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

"ಬರಾದು ಬ್ಯಾಡ ಬಿಡ್ರಿ ತಾತ, ನಾನೇ ತರ್ತೀನಿ!" ಎಂದು ತಂಗಿ ಓಡಿದಳು. ಮುದ್ದೆ, ಸಾರು ತಂದು ಹೊಸ್ತಿಲ ಮೇಲಿಟ್ಟು ತಿರುಗಿದಳು.

"ರಾಕ್ಷಸ ಉಂಡ್ನೇನವ್ವಾ?" ಮತ್ತೆ ಬಾಗಿಲು ತೆರೆದು ಮುದುಕರು ಕೇಳಿದರು.

"ಇಲ್ಲ ತಾತ."

"ಹಂಗಾದ್ರೆ ಕುಂತ್ಕ."

ಮುದ್ದೆ ಮುರಿದು ಅರ್ಧ ಅವಳ ಕೈಗಿಟ್ಟರು. ಹೊಸ್ತಿಲ ಒಳಗೆ ಅವರು, ಹೊರಗೆ ಅವಳು. ಇಬ್ಬರೂ ಉಣ್ಣುತ್ತಿದ್ದರು. ಕಲ್ಲು ತೂರುತ್ತಿದ್ದ ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು, ಎದೆಯೂ ಉಬ್ಬಿತು. ಪಕ್ಕದಲ್ಲಿ ನಿಂತವರನ್ನೆಲ್ಲ ಹಿಡಿದು ಜಗ್ಗಿ ಹೇಳಿದೆ: "ನೋಡ್ರಿ, ನನ್ನ ತಂಗಿ ಕಣ್ರಿ ಅದು! ನಮ್ಮನೆ ಹುಡುಗಿ!"