ಎದೆ ಹಿಡಿದುಕೊಂಡೆ, ಮಂಡಿ ಹೋಯಿತು

ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುವ ಪದಾರ್ಥ ಅಂದರೆ ‘ಸಿಸ್ಟಂ’ ಅನ್ನುವ ಮಾತು. ನನ್ನ ಹೆಂಡತಿ ಸೌಜನ್ಯ ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. (ಶಾಲೆಯಲ್ಲಿ ಮೇಡಂ, ಮನೆಯಲ್ಲಿ ನಾನು ಅನುಭವಿಸುವುದು ಹಳೇ ಕಾಲದ ಬೆತ್ತದ ಮೇಷ್ಟ್ರನ್ನು.) ಅವಳ ಪಾಠದ ಕನ್ನಡದಲ್ಲಿ ಸಿಸ್ಟಂ ಅಂದರೆ ವ್ಯೂಹ: ಊಟಕ್ಕೆ ಕೂತರೆ ಜೀರ್ಣಾಂಗ ವ್ಯೂಹ, ಸಿಟ್ಟು ಬಂದರೆ ನರವ್ಯೂಹ, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಶ್ವಾಸಾಂಗ ವ್ಯೂಹ. ಪಾಪ, ಅಭಿಮನ್ಯು ಒಂದೇ ಒಂದು ವ್ಯೂಹ ಹೊಕ್ಕು ಹೊರಗೆ ಬರಲಾಗದೆ ಸತ್ತ. ನನ್ನ ಬನಿಯನ್ನಿನ ಒಳಗೇ ಇಷ್ಟೆಲ್ಲ ವ್ಯೂಹಗಳಿವೆ ಅಂತ ಗೊತ್ತಾದ ದಿನದಿಂದ ನನಗೆ ಒಳಗೊಳಗೇ ದಿಗಿಲು.

ನನ್ನದು ತೆಂಗಿನಕಾಯಿ ಮಂಡಿ. ಅಪ್ಪ ತಿಮ್ಮಪ್ಪನವರು ಕಟ್ಟಿದ್ದು. ಯಾರ ತೋಟದ ಕಾಯಿ ಗಟ್ಟಿ, ಯಾರದ್ದು ನೀರುನೀರು, ಯಾವ ಲಾರಿಯವನು ಹೇಳಿದ ಹೊತ್ತಿಗೆ ಬರುತ್ತಾನೆ, ಯಾರನ್ನು ‘ಗೌಡ್ರೇ’ ಅನ್ನದಿದ್ದರೆ ಕಾಯಿ ಸಮೇತ ಪಕ್ಕದ ಮಂಡಿಗೆ ನಡೆದುಬಿಡುತ್ತಾರೆ, ಎಲ್ಲವೂ ಅವರ ತಲೆಯಲ್ಲೇ ಇತ್ತು. ಒಂದು ದಿನ ಮಂಡಿಯ ಕುರ್ಚಿಯಲ್ಲಿ ಕೂತವರು ಎದೆ ಹಿಡಿದುಕೊಂಡು ಅಲ್ಲೇ ಹೋದರು. ಅವರ ತಲೆಯ ಜೊತೆ ಅರ್ಧ ವ್ಯಾಪಾರವೂ ಹೋಯಿತು. ಅದನ್ನು ಮತ್ತೆ ನನ್ನ ತಲೆಗೆ ತುಂಬಿಸಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

‘ನಾಳೆ ನಿಮಗೂ ಏನಾದ್ರೂ ಆದ್ರೆ? ಅದಕ್ಕೊಂದು ಸಿಸ್ಟಂ ಬೇಡ್ವೇನ್ರೀ?’ ಅಂತ ಸೌಜನ್ಯ ಆಗಾಗ ಕೇಳುತ್ತಿದ್ದಳು. ಅವಳ ತಮ್ಮ ಪೃಥ್ವಿರಾಜನಿಂದ ಮಂಡಿಗೊಂದು ಕಂಪ್ಯೂಟರನ್ನೂ ಹಾಕಿಸಿದಳು. ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಧೂಳು ಬೀಳದಂತೆ ಹಳೇ ಪಂಚೆ ಹೊದಿಸಿದೆ. ಆಮೇಲೆ ಮುಟ್ಟಲಿಲ್ಲ. ಮುಟ್ಟಿದರೆ ಏನಾದರೂ ಅಳಿಸಿಹೋದೀತು ಅನ್ನುವ ಭಯ. (ಅದರಲ್ಲಿ ಅಳಿಸಿಹೋಗುವಂಥದ್ದು ಏನೂ ಇರಲಿಲ್ಲ ಅನ್ನುವುದು ಬೇರೆ ಮಾತು.)

ಹೋದ ಬೇಸಿಗೆಯಲ್ಲಿ ಒಂದು ಬೀಗರ ಊಟ ಮುಗಿಸಿಕೊಂಡು ಮಂಡಿಗೆ ಬಂದು ಕೂತಿದ್ದೆ. ಎದೆಯ ನಡುವೆ ಯಾರೋ ಕಾಯಿಚೀಲ ಇಳಿಸಿದ ಹಾಗಾಯಿತು. ಎಡಗೈ ಭಾರ. ಬೆನ್ನಿನಲ್ಲಿ ಬೆವರು ಇಳಿಯತೊಡಗಿತು. ಕೂತಿದ್ದು ಅಪ್ಪನ ಕುರ್ಚಿ ಅನ್ನುವುದು ನೆನಪಾದದ್ದೇ ತಡ, ಥಟ್ಟನೆ ಎದ್ದು ನಿಂತೆ. ಯಮ ಬಂದರೂ ಕುರ್ಚಿ ಖಾಲಿ ನೋಡಿ ವಾಪಸ್ ಹೋಗಲಿ ಅಂತ. ತೂಕ ಮಾಡುತ್ತಿದ್ದ ದೇವರಾಜ್ ನನ್ನ ಮುಖ ನೋಡಿದವನೇ ಕಾಯಿ ಅಲ್ಲೇ ಬಿಟ್ಟು ಕಾರು ತೆಗೆದ. ದಾರಿಯಲ್ಲಿ ಸೌಜನ್ಯಳನ್ನು ಹತ್ತಿಸಿಕೊಂಡು ಹಾಸನದ ಕಡೆ ಹೊರಟೆವು.

ಆ ದಾರಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಂದು ನಾನು ಲೆಕ್ಕ ಹಾಕಿದ್ದಂತೆ ಸಾಯುವುದಕ್ಕೆ ಹೆಚ್ಚು ಹೊತ್ತೂ ಇರಲಿಲ್ಲ. ಶಾಂತಿಗ್ರಾಮ ಅಂತ ಬೋರ್ಡ್ ಬಂತು. ಆ ಮೊದಲಿನ ‘ಶಾಂತಿ’ಯನ್ನು ನಮ್ಮ ಜನ ಫ್ಲೆಕ್ಸಿನಲ್ಲಿ ಯಾರ ಫೋಟೋ ಕೆಳಗೆ ಹಾಕಿಸುತ್ತಾರೆ ಅನ್ನುವುದು ನೆನಪಾಗಿ ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೆ ಇನ್ನೂ ಹೆದರಿಕೆಯಾಗಿ ತೆರೆದೆ. ಸೌಜನ್ಯ ಮಾತಾಡಲಿಲ್ಲ. ಯಾವ ವ್ಯೂಹದ ಹೆಸರನ್ನೂ ಎತ್ತಲಿಲ್ಲ. ಅವಳ ಕೈ ತಣ್ಣಗಿತ್ತು. ಯಾವತ್ತೂ ಪಾಠ ಮಾಡುವ ಹೆಂಡತಿ ಸುಮ್ಮನಾದಾಗ ಆಗುವ ಭಯ ಇದೆಯಲ್ಲ, ಅದರ ಮುಂದೆ ಎದೆನೋವು ಏನೂ ಅಲ್ಲ.

ಆಗ ನಾನು ಶುರು ಮಾಡಿದೆ. ಅಪ್ಪನ ಹಾಗೆ ಎಲ್ಲವನ್ನೂ ಹೊತ್ತುಕೊಂಡು ಹೋಗಬಾರದು ಅಂತ ತಲೆಯಲ್ಲಿದ್ದದ್ದನ್ನೆಲ್ಲ ಅವಳ ಮುಂದೆ ಕಕ್ಕಿದೆ. ರುದ್ರಯ್ಯನ ಚೀಲದಲ್ಲಿ ಮೇಲಿನ ಕಾಯಿ ನೋಡಿ ನಂಬಬೇಡ, ಕೆಳಗೆ ಕೈ ಹಾಕು ಅಂದೆ. ಮುದ್ದಮ್ಮನ ಕಾಯಿ ಕಣ್ಣುಮುಚ್ಚಿ ತಗೋ, ಆದರೆ ಅವಳ ಸೊಸೆಯ ಸುದ್ದಿ ಕೇಳದೆ ತೂಕಕ್ಕೆ ಹಾಕಬೇಡ ಅಂದೆ. ಯಾವ ಲಾರಿ, ಯಾವ ಊರು, ಯಾವ ತಿಂಗಳು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಹಾಸನ ಬಂತು. ನನ್ನ ತಲೆ ಹಗುರವಾಗಿತ್ತು, ಎದೆ ಮಾತ್ರ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ನನ್ನ ಅಂಗಿ ಬಿಚ್ಚಿ, ಎದೆಗೆ ವೈರು ಅಂಟಿಸಿ, ಏನೇನೋ ಬರೆದುಕೊಂಡು, ಸುತ್ತ ಪರದೆ ಎಳೆದು ಹೋದರು. ಸೌಜನ್ಯಳನ್ನು ಹೊರಗೆ ಕೂರಿಸಿದ್ದರು. ಪರದೆಯ ಆಚೆ ನರ್ಸ್ ಒಬ್ಬಳು ಇನ್ಯಾರಿಗೋ ಮೆಲ್ಲಗೆ ಹೇಳಿದಳು:

‘ಸಿಸ್ಟಂ ಡೌನ್ ಆಗ್ಬುಟ್ಟಿದೆ ಸಾ. ಎಷ್ಟೊತ್ತಾದ್ರೂ ಏಳ್ತಿಲ್ಲ.’

‘ಹಳೇದಲ್ವಾ, ಎಷ್ಟು ದಿನ ಎಳೆಯುತ್ತೆ,’ ಅಂತು ಗಂಡು ದನಿ. ‘ಒಂದ್ಸಲ ಪೂರ್ತಿ ಆಫ್ ಮಾಡಿ ನೋಡ್ತೀನಿ. ಎದ್ರೆ ಎದ್ದೀತು.’

ಆಫ್ ಮಾಡಿ ಅಂದರೆ? ಎದ್ದೀತು ಅಂದರೆ? ಏಳದಿದ್ದರೆ ನನ್ನವಳಿಗೆ ಏನಂತ ಹೇಳುತ್ತಾರೆ? ಹೆಜ್ಜೆ ಸಪ್ಪಳ ಹತ್ತಿರವಾಯಿತು. ಪಕ್ಕದಲ್ಲಿದ್ದ ಮೆಷಿನ್ ನನ್ನ ಎದೆಬಡಿತಕ್ಕೆ ತಾಳ ಹಾಕಲಾರದೆ ಕಿರುಚತೊಡಗಿತು. ನಾನು ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದುಕೊಂಡು, ಪರದೆ ದಾಟೀತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ ಅಂದೆ: ‘ಆಫ್ ಮಾಡ್ಬೇಡಿ ಸಾ. ಹೆಂಗೋ ನಡೀತಾ ಇದೆ, ನಡೀಲಿ.’

ಪರದೆ ಸರಿಸಿದ್ದು ಡಾಕ್ಟರ್ ಸಂಘಮಿತ್ರಾ ಅನ್ನುವ ಹುಡುಗಿ. ಕೈಯಲ್ಲಿ ನನ್ನ ಎದೆಯ ಚಿತ್ರ. ಆಫ್ ಆಗಬೇಕಾದ್ದು ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರ್, ನಾನಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ನಗು ತಡೆದು ತಡೆದು ಅವರಿಗೇ ಕೆಮ್ಮು ಬಂತು. ರಕ್ತಪರೀಕ್ಷೆಯೂ ಬರಲಿ ಅಂತ ರಾತ್ರಿ ಅಲ್ಲೇ ಇರಿಸಿಕೊಂಡರು. ಬೆಳಿಗ್ಗೆ ಬಂದು, ‘ನಿಮ್ಮ ಹೃದಯ ಚೆನ್ನಾಗಿದೆ. ನೋವು ಹೊಟ್ಟೆಯಿಂದ ಬಂದದ್ದು. ಬೀಗರೂಟ ಅಂದ್ರಲ್ಲ, ಅದು. ಮಿಕ್ಕಿದ್ದೆಲ್ಲ ಹೆದರಿಕೆ,’ ಅಂದರು. ಆದರೂ ಎದೆನೋವು ಅಂತ ಬೇಗ ಬಂದದ್ದು ಒಳ್ಳೆಯದೇ ಆಯಿತು ಅಂತ ಸಮಾಧಾನ ಹೇಳಿ, ಬಿಪಿ ಜಾಸ್ತಿ ಇದೆ, ಸ್ವಲ್ಪ ದಿನ ಮನೆಯಲ್ಲಿರಿ ಅಂತ ಕಳಿಸಿದರು. ಹೊರಗೆ ಬಂದಾಗ ಸೌಜನ್ಯ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಇನ್ಮೇಲೆ ಬೀಗರೂಟಕ್ಕೆ ನಾನೂ ಬರ್ತೀನಿ,’ ಅಂದಳು. ಅಷ್ಟೇ ಅಂದಳು. ನನಗೆ ಅಳು ಬಂತು.

ಶಾಲೆಗೆ ರಜೆಯಿತ್ತು. ನಾನು ಮನೆಯಲ್ಲಿ, ಅವಳು ಮಂಡಿಯಲ್ಲಿ. ಪಂಚೆ ಸರಿಸಿ ಕಂಪ್ಯೂಟರ್ ಎಬ್ಬಿಸಿ, ನಾನು ಕಾರಿನಲ್ಲಿ ಕಕ್ಕಿದ್ದನ್ನೆಲ್ಲ ಅದರ ಹೊಟ್ಟೆಗೆ ತುಂಬಿದಳಂತೆ. ನಾನು ನಾಡಿ ಹಿಡಿದುಕೊಂಡು ಫೋನ್ ಪಕ್ಕ ಮಲಗಿದ್ದೆ. ನಾನಿಲ್ಲದೆ ಏನೂ ತೋಚದೆ ದೇವರಾಜನಾದರೂ ಫೋನ್ ಮಾಡಿಯಾನು ಅಂತ. ಮಾಡಲಿಲ್ಲ. ಮಾರನೇ ದಿನವೂ ಇಲ್ಲ. ಎದೆಯಲ್ಲಿ ಮತ್ತೊಂದು ಥರದ ಭಯ ಹುಟ್ಟಿತು. ಇದಕ್ಕೆ ಯಾವ ಡಾಕ್ಟರ ಬಳಿ ಹೋಗಬೇಕೋ ತಿಳಿಯಲಿಲ್ಲ.

ತಡೆಯಲಾರದೆ ಒಂದು ದಿನ ನಾನೇ ಹೋದೆ. ಸೌಜನ್ಯ ಕಂಪ್ಯೂಟರ್ ಪರದೆ ನೋಡುತ್ತಾ ಲಾರಿಯವನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. ಮುದ್ದಮ್ಮ ಆಗಲೇ ಕಾಯಿ ಹಾಕಿ ಹೊರಡಲು ಎದ್ದಿದ್ದವಳು ನನ್ನನ್ನು ಕಂಡು ನಿಂತಳು.

‘ಎಂಗಿದ್ದೀರಿ ಸಾಮಿ? ನಿಮ್ ಕಾಲ್ದಲ್ಲಿ ಮಧ್ಯಾನ್ವಾದ್ರೂ ನಾನಿಲ್ಲೇ ಕುಂತಿರ್ತಿದ್ದೆ. ಈಗ ಬಿರ್‌ಬಿರ್ನೆ ಮುಗ್ದೋಯ್ತದೆ ಕಣ,’ ಅಂದಳು.

ನಿಮ್ಮ ಕಾಲದಲ್ಲಿ. ಎದುರಿಗೇ ನಿಂತಿದ್ದೇನೆ, ಉಸಿರಾಡುತ್ತಿದ್ದೇನೆ. ಸುಮ್ಮನೆ ಒಮ್ಮೆ ನಾಡಿ ಹಿಡಿದು ನೋಡಿಕೊಂಡೆ. ಇತ್ತು.

ಸೌಜನ್ಯ ಫೋನಿಗೆ ಕೈ ಅಡ್ಡ ಹಿಡಿದು, ‘ರೀ, ಬಂದಿದ್ದು ಒಳ್ಳೇದಾಯ್ತು. ಮುದ್ದಮ್ಮ, ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ. ರೀ, ಎಲ್ರಿಗೂ ಟೀ ತನ್ನಿ,’ ಅಂದಳು. ನಾನು ಮೂಲೆಯ ಅಂಗಡಿಗೆ ಹೋದೆ. ಎಷ್ಟು ಟೀ ಅಂತ ಅಂಗಡಿಯವನು ಕೇಳಿದ. ಸೌಜನ್ಯ, ದೇವರಾಜ್, ಮುದ್ದಮ್ಮ, ಚೀಲ ಹೊಲಿಯುತ್ತಿದ್ದವನು. ಎಲ್ಲರ ಮುಖವನ್ನೂ ನೆನಪು ಮಾಡಿಕೊಂಡು ಸರಿಯಾಗಿ ಲೆಕ್ಕ ಹೇಳಿದೆ.

ತಂದು ಒಬ್ಬೊಬ್ಬರಿಗೂ ಕೊಟ್ಟೆ. ತಟ್ಟೆ ಖಾಲಿಯಾಯಿತು. ಆಗ ಗೊತ್ತಾಯಿತು, ನನ್ನನ್ನು ನಾನೇ ಎಣಿಸಿರಲಿಲ್ಲ.