ತಾಳದವನಿಗೊಂದು ಶಾಲು

ನಮ್ಮ ಸೋದರಮಾವನಿಗೆ ಸಂಗೀತದ ಗಂಧವಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಗಂಧ ವಿಪರೀತವಾಗಿಯೇ ಇತ್ತು; ಪಕ್ಕದಲ್ಲಿ ಕೂತವರಿಗೂ ಮೆತ್ತುವಷ್ಟು! ಒಮ್ಮೆ ಮಗಳ ಮನೆಗೆಂದು ಮೆಲ್ಬರ್ನಿಗೆ ಹೋದವರು ಅಲ್ಲೊಂದು ಸಿಂಫನಿ ಕೇಳಲು ಕೂತರು. ಪಿಟೀಲುಗಳು ಏರಿದ ಹಾಗೆ ತೊಡೆ ತಟ್ಟಿ ತಾಳ ಹಾಕತೊಡಗಿದರು. ಆದರೆ ಆ ತೊಡೆ, ಪಕ್ಕದಲ್ಲಿ ನ್ಯಾಯಾಧೀಶರಂತೆ ಕೂತಿದ್ದ ಬಿಳಿಯ ಹಿರಿಯರೊಬ್ಬರದು!

"ಇಬ್ಬರದೂ ಕಪ್ಪು ಪ್ಯಾಂಟೇ ಕಣೋ. ಕತ್ತಲಲ್ಲಿ ಹೆಂಗೆ ಗೊತ್ತಾಗ್ಬೇಕು?" ಎಂಬುದು ಮಾವನ ವಾದ.

ಮೊಬೈಲಿನಲ್ಲಿ ಹಾವಿನ ಆಟವೇ ಪರಮವೈಭವವಾಗಿದ್ದ ಕಾಲ ಅದು. ಸಿಡ್ನಿಯ ನಮ್ಮ ಪಶ್ಚಿಮದ ಸಬರ್ಬ್‌ಗಳಿಗೂ ಒಂದು ಸ್ವಂತ ಆರ್ಕೆಸ್ಟ್ರಾ ಇತ್ತು. ಹಲ್ಲಿನ ಡಾಕ್ಟರು ಕೊಳಲೂದುತ್ತಿದ್ದರು, ಶಾಲೆಯ ಟೀಚರಮ್ಮ ಪಿಟೀಲು ಕುಯ್ಯುತ್ತಿದ್ದರು. ಟೂಂಗಾಬಿಯ ಮಗನ ಮನೆಯಲ್ಲಿದ್ದ ಮಾವನನ್ನು ಕಛೇರಿ ನಡೆಯುವ ಪ್ಯಾರಮಟ್ಟಾಕ್ಕೆ ರೈಲಿನಲ್ಲಿ ಕರೆದೊಯ್ದು, ಕಛೇರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿರುವುದು ನನ್ನ ಪಾಲಿಗೆ ಬಂದ ಸಂಗೀತಸೇವೆ.

ಮಾವನ ಕಣ್ಣೆಲ್ಲ ಕೊನೆಯ ಸಾಲಿನ ಮುದುಕನ ಮೇಲೆ. ದೋಸೆಕಾವಲಿಯಷ್ಟಗಲದ ಎರಡು ಹಿತ್ತಾಳೆ ತಾಳ ಇಟ್ಟುಕೊಂಡು ಆತ ಇಡೀ ಸಂಜೆ ಸುಮ್ಮನೆ ಕೂತಿರುತ್ತಿದ್ದ. ಕಡೆಗೆದ್ದು ಒಮ್ಮೆ ಬಡಿದರೆ ಮುಗಿಯಿತು. ಮೊದಲ ದಿನ ಮಾವ ದಂಗಾಗಿಬಿಟ್ಟರು.

"ಏನು ತಪ್ಪು ಮಾಡಿದ್ನೋ ಪಾಪ, ಮೂಲೇಲಿ ಕೂರಿಸಿದಾರಲ್ಲ."

ಆತ ಬಡಿದೊಡನೆ ಮಾವ ಸಭೆಗೆಲ್ಲ ಕೇಳುವಂತೆ 'ಭಲೇ' ಎಂದರು. ಕಛೇರಿ ಮುಗಿದ ಮೇಲೆ ಸಭಾಂಗಣದ ಮ್ಯಾನೇಜರಮ್ಮ ಬಂದು, ಈ ಸೀಟಿನಿಂದ ಇನ್ನೊಂದು ಸದ್ದು ಬಂದರೆ ಮುಂದೆ ಪ್ರವೇಶವಿಲ್ಲ ಎಂದು ನಗುನಗುತ್ತಲೇ ತೀರ್ಪು ಕೊಟ್ಟರು. ಮಾವ ಅಂದು ಊಟ ಮಾಡಲಿಲ್ಲ. ಮಗನ ಮಾರ್ಟ್‌ಗೇಜ್ ಪುರಾಣದಿಂದ ತಿಂಗಳಿಗೊಮ್ಮೆ ಅವರನ್ನು ಪಾರುಮಾಡುತ್ತಿದ್ದದ್ದು ಇದೊಂದೇ! ಅಂದಿನಿಂದ ಕೈಗಳೆರಡನ್ನೂ ತೊಡೆಯಡಿ ಹುಗಿದು, ಉಸಿರಿಗೂ ಲೆಕ್ಕವಿಟ್ಟು ಕೂರತೊಡಗಿದರು.

ಒಂದು ಸಂಜೆ ಆರ್ಕೆಸ್ಟ್ರಾ ನಡೆಸುವವರು, ತಾಳದ ಮುದುಕರಿಗೆ ಇದು ಕೊನೆಯ ಕಛೇರಿ ಎಂದು ಪ್ರಕಟಿಸಿದರು. ಜನ ಹಿಟ್ಟು ಕೊಡವಿಕೊಂಡಂತೆ ಒಂದಿಷ್ಟು ಚಪ್ಪಾಳೆ ತಟ್ಟಿದರು.

"ಇಷ್ಟೇನಾ?" ಎಂದರು ಮಾವ, ನನ್ನ ಕಿವಿಯಲ್ಲಿ.

ಕೃತಿಯ ಮೊದಲ ಭಾಗ ಮುಗಿದು ಎರಡನೆಯದು ಶುರುವಾಗುವ ನಡುವೆ ಒಂದು ಮೌನವಿರುತ್ತದೆ. ಅಲ್ಲಿ ಕೆಮ್ಮಬಹುದು, ಚಪ್ಪಾಳೆ ಮಹಾಪರಾಧ. ಆ ಮೌನದಲ್ಲಿ ನಾನು ತಿರುಗಿ ನೋಡುತ್ತೇನೆ, ಪಕ್ಕದಲ್ಲಿ ಮಾವನಿಲ್ಲ! ವೇದಿಕೆಯ ಮೇಲಿದ್ದಾರೆ! ಕೋಟಿನೊಳಗಿಂದ ಜರಿಯಂಚಿನ ಶಾಲೊಂದು ಹೊರಬಂತು. ನಮ್ಮ ಕನ್ನಡ ಸಂಘದಲ್ಲಿ ಅತಿಥಿಗಳಿಗೆ ಹೊದಿಸುವಂಥದ್ದು; ಏಸಿಯ ಚಳಿಗೆಂದು ಮಾವ ಸದಾ ಒಳಗೆ ಸುತ್ತಿಕೊಂಡು ಬರುತ್ತಿದ್ದರು. ಪಿಟೀಲುಗಳ ನಡುವೆ ಮದುವೆಯ ಪಂಕ್ತಿ ದಾಟುವಂತೆ ನುಸುಳಿ, ಕೊನೆಯ ಸಾಲು ಮುಟ್ಟಿ, ಮುದುಕನಿಗೆ ಶಾಲು ಹೊದಿಸಿ, ಕೈಮುಗಿದು, ಬಂದ ದಾರಿಯಲ್ಲೇ ವಾಪಸಾದರು. ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುತ್ತಿದ್ದವರ ಕೋಲು ಗಾಳಿಯಲ್ಲೇ ನಿಂತಿತ್ತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಸೀತೆಗೆ ಬಿಟ್ಟ ಭೂಮಿ ಬೇರೆ, ಪ್ಯಾರಮಟ್ಟಾದ್ದು ಬೇರೆ.

ಮುದುಕ ಶಾಲು ತೆಗೆಯಲಿಲ್ಲ. ಹೊದ್ದೇ ಕೂತಿದ್ದ, ಹೊದ್ದೇ ಎದ್ದು ತನ್ನ ಕೊನೆಯ ಪೆಟ್ಟು ಬಡಿದ. ಮಾವ ಈ ಸಲ 'ಭಲೇ'ಯನ್ನು ನುಂಗಿಕೊಂಡು, ಕೈಗಳನ್ನು ಇನ್ನಷ್ಟು ತೊಡೆಯಡಿ ಹುಗಿದರು.

ಮುಗಿದದ್ದೇ ಮ್ಯಾನೇಜರಮ್ಮ ನೇರ ನಮ್ಮ ಸಾಲಿಗೆ ಬಂದರು. ಮಾವ ತಾವಾಗಿಯೇ ಎದ್ದು, ತಪ್ಪಾಯಿತು, ಇನ್ನು ಬರುವುದಿಲ್ಲ ಎಂದರು. ಆಕೆ ಅದಲ್ಲವೆಂಬಂತೆ ತಲೆಯಲ್ಲಾಡಿಸಿದರು.

"ಮುಂದಿನ ತಿಂಗಳಿಂದ ಆ ತಾಳದವರೂ ಕೆಳಗೇ ಕೂರಬೇಕಲ್ಲ. ನಿಮ್ಮ ಪಕ್ಕದ ಸೀಟು ಖಾಲಿ ಇದೆಯಾ ಅಂತ ಕೇಳಿದ್ದಾರೆ."

ಮಾವ ನನ್ನ ಮುಖ ನೋಡಿದರು. ಆ ಸೀಟು ನನ್ನದು.

"ಖಾಲಿ ಇದೆ," ಎಂದೆ.